ಸಂಚಿಯೊಳಗಿನ ಕಾರ್ಡು

ಹಂಪಮ್ಮನ ಕಾರ್ಡು ಮೂರು ಸಲ ಲ್ಯಾಮಿನೇಶನ್ ಆಯಿತು. ಮೊದಲನೆಯ ಸಲ ಹಿರಿಸೊಸೆಯ ತುಟಿ ಒಡೆಯಿತು, ಎರಡನೆಯ ಸಲ ಹಂಪಮ್ಮನದೇ ಅಂಗೈ ಸೀಳಿತು. ಹೆಸರು, ವಯಸ್ಸು, ಫೋನ್ ನಂಬರ್ ಬರೆದ ಅಂಗೈಯಗಲದ ಕಾಗದಕ್ಕೆ ಇಷ್ಟೊಂದು ರಕ್ತ ಯಾಕೆ ಎಂದು ಕೇಳುವವರು ಆಕೆಯ ಇಬ್ಬರು ಗಂಡುಮಕ್ಕಳನ್ನು ನೋಡಿಲ್ಲ, ಅಷ್ಟೇ.

ಹಿರಿಯವನು ಶಿವರಾಜ, ರಾಯಚೂರಿನಲ್ಲಿ ಅಪ್ಪನ ಅಕ್ಕಿ ಗಿರಣಿ ನೋಡಿಕೊಂಡಿದ್ದಾನೆ. ಕಿರಿಯವನು ಮೌನೇಶ, ಮಾನ್ವಿಯಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಅವರ ಅಪ್ಪ, ತೀರಿಹೋದ ದೊಡ್ಡಪ್ಪ ಸಾವುಕಾರ, ಮಕ್ಕಳನ್ನು ಬೆಳೆಸಿದ್ದು ಬೆಲ್ಟಿನಿಂದ. ಅಕ್ಷರ ಮಾಸ್ತರರು ಕಲಿಸಿದರು, ಹೊಡೆಯುವುದನ್ನು ಅಪ್ಪ ಕಲಿಸಿದ. ಮಕ್ಕಳು ಎರಡನೆಯ ಪಾಠವನ್ನು ಚೆನ್ನಾಗಿ ಕಲಿತರು. ಎರಡು ವರ್ಷದ ಹಿಂದೆ ಆಸ್ತಿ ಪಾಲಾದ ದಿನ, ಗಿರಣಿಯ ಅಂಗಳದಲ್ಲಿ, ಹಮಾಲರು ಚೀಲ ಎತ್ತುವ ಕಬ್ಬಿಣದ ಕೊಕ್ಕೆಯನ್ನು ಮೌನೇಶ ಅಣ್ಣನ ಭುಜಕ್ಕೆ ಹಾಕಿ ಎಳೆದ. ಶಿವರಾಜ ತೂಕದ ಕಲ್ಲು ಬೀಸಿ ತಮ್ಮನ ಮುಂದಿನ ಎರಡು ಹಲ್ಲು ಉದುರಿಸಿದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಒಬ್ಬನ ಹೊಸ್ತಿಲನ್ನು ಇನ್ನೊಬ್ಬ ತುಳಿಯುವುದಿಲ್ಲ. ಗಿರಣಿ, ಅಂಗಡಿ, ಹೊಲ ಎಲ್ಲ ಹಂಚಿ ಮುಗಿದ ಮೇಲೆ ಉಳಿದದ್ದು ತಾಯಿ. ಕುಲದ ಹಿರಿಯರು ಕೂತು ಆಕೆಗೂ ಪಾಳಿ ಹಚ್ಚಿದರು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಒಂದು ತಿಂಗಳು ರಾಯಚೂರು, ಒಂದು ತಿಂಗಳು ಮಾನ್ವಿ.

ಬೇಡವಾದ ತಾಯಿಯ ಕಥೆಯನ್ನು ಎಲ್ಲರೂ ಕೇಳಿದ್ದಾರೆ. ಇದು ಬೇಕಾದ ತಾಯಿಯ ಕಥೆ. ಇಬ್ಬರಿಗೂ ಆಕೆ ಇಡಿಯಾಗಿ ಬೇಕು, ಇನ್ನೊಬ್ಬನಿಗೆ ಆಕೆಯ ಸೆರಗಿನ ಚುಂಗೂ ಸಿಗಬಾರದು. ನನ್ನನ್ನು ಕೇಳಿದರೆ, ಬೇಡವಾಗುವುದಕ್ಕಿಂತ ಇದೇ ಕೆಟ್ಟದ್ದು.

ಹಂಪಮ್ಮನಿಗೆ ಅರವತ್ತಾರು. ಸಕ್ಕರೆ ಕಾಯಿಲೆ. ದಿನಾ ಮುಕ್ಕಾಲು ತಾಸು ನಡೆಯಬೇಕು ಎಂದು ಡಾಕ್ಟರು ಹೇಳಿದ್ದರು, ನಡೆಯುತ್ತಿದ್ದಳು. ಆದರೆ ಆಕೆಯ ನೇಮವೊಂದಿತ್ತು. ಸ್ನಾನ ಮಾಡಿ, ಕೊರಳ ಕರಡಿಗೆಯಿಂದ ಲಿಂಗ ತೆಗೆದು ಪೂಜೆ ಮಾಡುವ ತನಕ ಹಲ್ಲಿನ ಮೇಲೆ ಒಂದು ಅಗುಳೂ ಬೀಳುವಂತಿಲ್ಲ. ಏಳು ವರ್ಷದ ಹುಡುಗಿಯಾಗಿದ್ದಾಗ ತವರೂರು ಮಲ್ಲಟದಲ್ಲಿ ಲಿಂಗ ಕಟ್ಟಿಸಿಕೊಂಡ ದಿನದಿಂದ ಇದು ತಪ್ಪಿಲ್ಲ. ಗುಳಿಗೆ ಮಾತ್ರ ನುಂಗಬಹುದು, ಔಷಧಕ್ಕೆ ದೋಷವಿಲ್ಲ ಎಂದು ಮಠದ ಐನೋರು ಹೇಳಿದ್ದರು. ಹೀಗಾಗಿ ಬೆಳಗಿನ ಐದೂವರೆಗೆ ಎರಡು ಗುಟುಕು ನೀರಿನಲ್ಲಿ ಸಕ್ಕರೆ ಗುಳಿಗೆ ನುಂಗಿ, ರಾಯಚೂರಿನಲ್ಲಿದ್ದರೆ ಮಾವಿನ ಕೆರೆಯ ದಂಡೆಗೆ ಹೋಗಿ ಎರಡು ಸುತ್ತು ಹಾಕಿ, ಮನೆಗೆ ಬಂದು ಸ್ನಾನ, ಪೂಜೆ, ಆಮೇಲೆ ಒಂಬತ್ತಕ್ಕೆ ರೊಟ್ಟಿ. ಗುಳಿಗೆ ಒಳಗೆ ಸಕ್ಕರೆ ಇಳಿಸುವ ಕೆಲಸ ಶುರುಮಾಡುತ್ತಿತ್ತು, ಹೊಟ್ಟೆಯಲ್ಲಿ ಮಾತ್ರ ಏನೂ ಇರುತ್ತಿರಲಿಲ್ಲ.

ಕೆರೆಯ ಗೇಟಿನ ಹತ್ತಿರ ಮುನವ್ವರ್ ಬೀ ಚಹಾದ ಬಂಡಿ ಇಟ್ಟಿದ್ದಳು. ಹಂಪಮ್ಮ ಅಲ್ಲಿ ಒಂದು ದಿನವೂ ಚಹಾ ಕುಡಿದವಳಲ್ಲ, ಆದರೆ ಒಂದು ದಿನವೂ ಬಂಡಿಯ ಪಕ್ಕದ ಕಲ್ಲಿನ ಮೇಲೆ ಕೂಡದೆ ಮನೆಗೆ ಹೋದವಳೂ ಅಲ್ಲ. ಆ ಚಳಿಗಾಲದಲ್ಲಿ ವಾಕಿಂಗಿಗೆ ಬಂದ ಗಂಡಸೊಬ್ಬ ದಂಡೆಯ ಮೇಲೆಯೇ ಬಿದ್ದು ಸತ್ತ. ಜೇಬಿನಲ್ಲಿ ಒಂದು ಚೀಟಿಯೂ ಇರಲಿಲ್ಲ. ಎರಡು ದಿನ ಹೆಣ ಶವಾಗಾರದಲ್ಲಿತ್ತು. ಕೊನೆಗೆ ನೋಡಿದರೆ ಮನೆ ಮೂರು ಓಣಿಯಾಚೆ. ಮುನವ್ವರ್ ಬೀ ಇದನ್ನು ಹಂಪಮ್ಮನಿಗೆ ಹೇಳಿದಳು, ಹಂಪಮ್ಮ ಹಿರಿಸೊಸೆ ಸ್ವಪ್ನಾಗೆ ಹೇಳಿದಳು.

ಸ್ವಪ್ನಾ ಖಾಸಗಿ ಶಾಲೆಯೊಂದರ ಟೀಚರು, ಕೇಳಿ ಸುಮ್ಮನಿರುವವಳಲ್ಲ. ಮರುದಿನವೇ ಕಲೀಮುಲ್ಲಾನ ಝೆರಾಕ್ಸ್ ಅಂಗಡಿಯಲ್ಲಿ ಕಾರ್ಡು ಮಾಡಿಸಿ ತಂದಳು. ಹೆಸರು, ವಿಳಾಸ, ಸಕ್ಕರೆ ಕಾಯಿಲೆ ಇದೆ, ಬಿದ್ದರೆ ಸಕ್ಕರೆ ಕೊಡಿ, ಕೆಳಗೆ ಎರಡು ನಂಬರು. ಮೇಲೆ ಶಿವರಾಜನದು, ಅದರ ಕೆಳಗೆ ಮೌನೇಶನದು. ಎಲೆ ಅಡಿಕೆ ಬಿಟ್ಟು ವರ್ಷಗಳಾದರೂ ಹಂಪಮ್ಮ ಟೊಂಕಕ್ಕೆ ಸಿಕ್ಕಿಸಿಕೊಳ್ಳುವ ಬಟ್ಟೆಯ ಸಂಚಿಯನ್ನು ಬಿಟ್ಟಿರಲಿಲ್ಲ. ಎಲೆ ಇಡುತ್ತಿದ್ದ ಅರೆಯಲ್ಲಿ ಕಾರ್ಡು, ಅಡಿಕೆಯ ಅರೆಯಲ್ಲಿ ಕಲ್ಲುಸಕ್ಕರೆ, ಸುಣ್ಣದ ಡಬ್ಬಿಯ ಜಾಗದಲ್ಲಿ ಐವತ್ತರ ಒಂದು ನೋಟು ಇಟ್ಟು ಸ್ವಪ್ನಾ ದಾರ ಎಳೆದಳು.

ಆ ದಿನ ಊಟಕ್ಕೆ ಕೂತಾಗ ಶಿವರಾಜ ಅದನ್ನು ತೆಗೆದು ಓದಿದ. ಓದಿ, ತಟ್ಟೆ ಪಕ್ಕಕ್ಕೆ ಸರಿಸಿದ.

"ಇವನ ಹೆಸರು ಯಾಕ ಇದ್ರಾಗ?"

"ಅವರೂ ಮಗ ಅದಾರಲ್ರಿ," ಎಂದಳು ಸ್ವಪ್ನಾ. "ನಿಮ್ಮ ಫೋನು ಗಿರಣಿ ಸಪ್ಪಳದಾಗ ಕೇಳಂಗಿಲ್ಲ."

ಪಲ್ಯ ಹತ್ತಿದ ಕೈಯಲ್ಲೇ ಹೊಡೆದ. ಆಕೆಯ ತುಟಿ ಹಲ್ಲಿಗೆ ಬಡಿದು ಒಡೆಯಿತು, ರೊಟ್ಟಿಯ ಬುಟ್ಟಿಯ ಮೇಲೆ ರಕ್ತ ಬಿತ್ತು. ಆಮೇಲೆ ಅವನು ಎದ್ದು ಕತ್ತರಿ ತಂದು ತಮ್ಮನ ನಂಬರಿದ್ದ ಭಾಗವನ್ನು ಕತ್ತರಿಸಿ ಒಲೆಗೆ ಹಾಕಿದ. ತುಂಡು ಕಾರ್ಡನ್ನು ತಾಯಿಯ ಮುಂದಿಟ್ಟು ಊಟಕ್ಕೆ ಕೂತ, ಏನೂ ಆಗದವನ ಹಾಗೆ.

ಮುಂಜಾನೆಯ ಬಸ್ಸಿಗೆ ಸ್ವಪ್ನಾ ತವರು ದೇವದುರ್ಗಕ್ಕೆ ಹೋದಳು. ಎಂಟು ದಿನ ಹಂಪಮ್ಮನೇ ರೊಟ್ಟಿ ಬಡಿದಳು. ಮೊದಲನೆಯ ದಿನ ಮಗ ಗಿರಣಿಯಿಂದ ಬಂದು ನೇರ ತಟ್ಟೆಯ ಮುಂದೆ ಕೂತಾಗ ಆಕೆ ಬಡಿಸಲಿಲ್ಲ.

"ಕೈ ತೊಳಕೋ."

"ತೊಳಕೊಂಡು ಬಂದೀನಿ ಯವ್ವಾ."

"ಇಲ್ಲ. ನಿಮ್ಮಪ್ಪನೂ ಹೊಡೆದ ಕೈಲೇ ಉಣ್ತಿದ್ದ. ನಲವತ್ತು ವರ್ಷ ನೋಡೀನಿ, ಇನ್ನ ನೋಡಂಗಿಲ್ಲ. ಎದ್ದು ತೊಳಕೊಂಡು ಬಾ."

ಅವನು ಎದ್ದು ತೊಳೆದುಕೊಂಡು ಬಂದ. ತಾಯಿಯ ಮಾತನ್ನು ಅವನು ಮೀರುತ್ತಿರಲಿಲ್ಲ, ಅದು ಕೈ ತೊಳೆಯುವಷ್ಟು ಸಣ್ಣದಾಗಿದ್ದರೆ. ದೇವದುರ್ಗದಲ್ಲಿ ಸ್ವಪ್ನಾಳ ತಾಯಿ, ಹೊಡೆತ ಯಾರ ಮನೆಯಲ್ಲಿಲ್ಲ ಹೇಳು, ಶಾಲೆಯ ಕೆಲಸ ಹೋದೀತು ಎಂದು ಸಮಾಧಾನ ಹೇಳಿ ಕಳಿಸಿದಳು. ಸ್ವಪ್ನಾ ಬಂದಳು, ಆದರೆ ಗಂಡನ ಕೂಡ ಉಪ್ಪು ಬೇಕೇ ಸಾರು ಬೇಕೇ ಎಂಬುದನ್ನು ಬಿಟ್ಟು ಬೇರೆ ಮಾತು ನಿಲ್ಲಿಸಿದಳು.

ಅಮಾವಾಸ್ಯೆ ಬಂತು. ಶಿವರಾಜ ತಾಯಿಯನ್ನು ಮಾನ್ವಿ ಬಸ್ಸಿಗೆ ಹತ್ತಿಸಿ ಕಂಡಕ್ಟರನಿಗೆ ಹೇಳಿ ಹೋದ. ಅಲ್ಲಿ ಮೌನೇಶ ಇಳಿಸಿಕೊಂಡ. ಅವನ ಹೆಂಡತಿ ಉಮಾಶ್ರೀ ಜಾಲಹಳ್ಳಿಯ ಹುಡುಗಿ, ಬಾಯಿ ಜೋರು, ಕೈ ಧಾರಾಳ. ಅತ್ತೆ ಬರಿಹೊಟ್ಟೆಯಲ್ಲಿ ನಡೆಯುವುದನ್ನು ನೋಡಿ ದಿನಾ ಬೆಳಿಗ್ಗೆ ಬಿಸ್ಕೀಟು ಹಿಡಿದುಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಹಂಪಮ್ಮ ಪೂಜೆ ಆಗಿಲ್ಲ ಎಂದು ಸೆರಗು ಸರಿಮಾಡಿಕೊಂಡು ಹೊರಡುತ್ತಿದ್ದಳು. ದೇವರು ಒಂದು ಬಿಸ್ಕೀಟಿಗೆ ಸಿಟ್ಟಾಗುವಷ್ಟು ಹಗುರ ಇದ್ದಾನೇನ್ರಿ ಎಂದು ಉಮಾಶ್ರೀ ಹಿಂದಿನಿಂದ ಕೂಗುತ್ತಿದ್ದಳು.

ಒಗೆಯಲು ಸೀರೆ ತೆಗೆಯುವಾಗ ಸಂಚಿ ಬಿತ್ತು, ಕಾರ್ಡು ಹೊರಬಂತು. ಉಮಾಶ್ರೀ ಮುಚ್ಚಿಡಬೇಕೆನ್ನುವಷ್ಟರಲ್ಲಿ ಮೌನೇಶ ಕೈಯಿಂದ ಕಸಿದ. ಕತ್ತರಿಸಿದ ಅಂಚನ್ನು ನೋಡಿ ಅವನಿಗೆ ಎಲ್ಲ ತಿಳಿಯಿತು. ಗಡ್ಡ ಹೆರೆಯುವ ಬ್ಲೇಡು ತಂದು ಅಣ್ಣನ ನಂಬರನ್ನು ಕೆರೆಯತೊಡಗಿದ. ಲ್ಯಾಮಿನೇಶನ್ ಗಟ್ಟಿ, ಅವನ ಸಿಟ್ಟು ಇನ್ನೂ ಗಟ್ಟಿ. ಹಂಪಮ್ಮ ಕೈ ಹಾಕಿ ಎಳೆದಳು. ಬ್ಲೇಡು ಅಂಗೈಯ ಈ ಕಡೆಯಿಂದ ಆ ಕಡೆಗೆ ಹೋಯಿತು.

ನೋಡಿದ ಕೂಡಲೇ ಮೌನೇಶ ಮಗುವಿನ ಹಾಗೆ ಅತ್ತ. ಟವೆಲ್ ಸುತ್ತಿ, ತಾಯಿಯನ್ನು ಎತ್ತಿಕೊಂಡೇ ಡಾಕ್ಟರ ಹತ್ತಿರ ಓಡಿದ. ಮೂರು ಹೊಲಿಗೆ ಬಿದ್ದವು. ಅವನು ಅತ್ತದ್ದೂ ನಿಜ, ಮರುದಿನ ತನ್ನ ಒಂದೇ ನಂಬರಿನ ಹೊಸ ಕಾರ್ಡು ಮಾಡಿಸಿ ಸಂಚಿಗೆ ತುರುಕಿದ್ದೂ ನಿಜ. ಗಂಡಂದಿರಿಗೆ ಗೊತ್ತಿಲ್ಲದೆ ಈ ಇಬ್ಬರು ಸೊಸೆಯರು ಫೋನಿನಲ್ಲಿ ಮಾತಾಡುತ್ತಿದ್ದರು. ಉಮಾಶ್ರೀ ಆ ಮಧ್ಯಾಹ್ನ ಸ್ವಪ್ನಾಗೆ ಹೇಳಿದಳಂತೆ, ಅಕ್ಕಾ, ನಿನ್ನ ತುಟಿ ಆತು, ಅತ್ತಿ ಕೈ ಆತು, ಇನ್ನ ನಂದೇ ಬಾಕಿ.

ಮುಂದಿನ ಅಮಾವಾಸ್ಯೆಗೆ ಒಂದು ದಿನ ಮೊದಲೇ ಮೌನೇಶನಿಗೆ ರಾಯಚೂರಿನ ಗಂಜ್ ಮಾರುಕಟ್ಟೆಯಲ್ಲಿ ಕೆಲಸವಿತ್ತು. ಸಂಜೆ ತಾಯಿಯನ್ನು ಕಾರಿನಲ್ಲಿ ತಂದು ಅಣ್ಣನ ಓಣಿಯ ತುದಿಯಲ್ಲಿ ಇಳಿಸಿ, ತಾನು ಗಂಜ್‌ನ ಗೆಳೆಯನ ಮನೆಯಲ್ಲಿ ಉಳಿದ. ಮರುದಿನ ಬೆಳಿಗ್ಗೆ ಹಂಪಮ್ಮ ಎಂದಿನಂತೆ ಗುಳಿಗೆ ನುಂಗಿ ಕೆರೆಗೆ ಹೋದಳು. ಎರಡನೆಯ ಸುತ್ತಿಗೆ ಮೈ ಬೆವರಿತು, ಕೈ ನಡುಗಿತು, ಬಂಡಿಗೆ ಹತ್ತು ಹೆಜ್ಜೆ ಇದ್ದಾಗ ಕುಸಿದು ಕೂತಳು.

ವಾಕಿಂಗಿಗೆ ಬಂದ ನಿವೃತ್ತ ಪೋಸ್ಟ್‌ಮಾಸ್ತರರೊಬ್ಬರು ಸಂಚಿ ಬಿಚ್ಚಿ, ಕಾರ್ಡು ಓದಿ, ಕಲ್ಲುಸಕ್ಕರೆಯನ್ನು ಬಾಯಿಗೆ ಹಿಡಿದರು. ಹಂಪಮ್ಮ ಹಲ್ಲು ಕಚ್ಚಿದಳು. "ಪೂಜಿ ಆಗಿಲ್ಲ," ಎಂದು ತೊದಲಿದಳು. ಆಮೇಲೆ ಕಣ್ಣು ಮೇಲಕ್ಕೆ ಹೋಯಿತು. ಪೋಸ್ಟ್‌ಮಾಸ್ತರರು ಕಾರ್ಡಿನ ನಂಬರಿಗೆ ಫೋನು ಮಾಡಿದರು. ಮುನವ್ವರ್ ಬೀ ಒಬ್ಬರನ್ನು ಶಿವರಾಜನ ಮನೆಗೆ ಓಡಿಸಿದಳು. ಇಬ್ಬರು ಮಕ್ಕಳೂ ಹತ್ತು ನಿಮಿಷದಲ್ಲಿ, ಒಬ್ಬ ಬೈಕಿನಲ್ಲಿ ಒಬ್ಬ ಕಾರಿನಲ್ಲಿ, ಹೆಚ್ಚುಕಡಿಮೆ ಒಟ್ಟಿಗೇ ಬಂದರು. ಊರಿನಲ್ಲಿ ಇಂಥ ಮಕ್ಕಳು ಎಷ್ಟು ಜನಕ್ಕಿದ್ದಾರೆ ಎಂದು ನಿಂತವರಿಗೆ ಅನಿಸಿರಬೇಕು, ಒಂದು ಗಳಿಗೆ.

ಮೌನೇಶ ತಾಯಿಯ ತೋಳಿಗೆ ಕೈ ಹಾಕಿದ. "ಕಾರ್ಡಿನ್ಯಾಗ ನನ್ನ ನಂಬರ್ ಅದ. ನಾ ಒಯ್ಯಾಂವ."

ಶಿವರಾಜ ಇನ್ನೊಂದು ತೋಳು ಹಿಡಿದ. "ಇವತ್ತು ಅಮಾಸಿ. ಇವತ್ತಿಂದ ಯವ್ವ ನನ್ನ ಪಾಳಿ. ಕೈ ತೆಗಿ."

"ಅಮಾಸಿ ಹತ್ತಾಕ ಇನ್ನ ಮೂರು ತಾಸು ಅದ. ಪಂಚಾಂಗ ನೋಡಲೇ."

ತಾಯಿಗೆ ಎಚ್ಚರವಿಲ್ಲ, ಮಕ್ಕಳು ತಿಥಿ ಲೆಕ್ಕ ಹಾಕುತ್ತಿದ್ದಾರೆ. ಸಕ್ಕರೆ ಹಾಕ್ರಪ್ಪಾ ಮೊದಲು ಎಂದು ಪೋಸ್ಟ್‌ಮಾಸ್ತರರು ಬಡಕೊಂಡರು. ಅಷ್ಟರಲ್ಲಿ ಶಿವರಾಜನ ಗುದ್ದು ತಮ್ಮನ ದವಡೆಗೆ ಬಿದ್ದಿತ್ತು. ಮೌನೇಶ ಅಣ್ಣನ ಕೊರಳಪಟ್ಟಿ ಹಿಡಿದು ಬಂಡಿಗೆ ಅಪ್ಪಳಿಸಿದ. ಸ್ಟೋವಿನ ಮೇಲಿದ್ದ ಕುದಿಯುವ ಚಹಾದ ಪಾತ್ರೆ ಮಗುಚಿತು. ಅದು ಬಿದ್ದದ್ದು ಹಂಪಮ್ಮನ ತಲೆ ಎತ್ತಲು ಬಗ್ಗಿದ್ದ ಮುನವ್ವರ್ ಬೀಯ ಬಲಗೈ ಮೇಲೆ, ಮೊಣಕೈಯಿಂದ ಬೆರಳ ತನಕ. ಎರಡು ಕೋಣ ಗುದ್ದಾಡಿದರೆ ನಡುವಿನ ಗಿಡ ಸಾಯುತ್ತದೆ ಎಂಬುದು ಹಳೆಯ ಮಾತು, ಸುಳ್ಳಾಗುವ ಮಾತಲ್ಲ. ಅಣ್ಣ ತಮ್ಮ ಕಲ್ಲುಸಕ್ಕರೆಯನ್ನು ಚಪ್ಪಲಿಯಲ್ಲಿ ಅರೆಯುತ್ತ ಹೊಡೆದಾಡಿದರು. ನಾಲ್ಕು ಜನ ಸೇರಿದರೂ ಬಿಡಿಸಲಾಗಲಿಲ್ಲ.

ಮುನವ್ವರ್ ಬೀ ಒಮ್ಮೆ ಕಿರುಚಿದಳು, ಎರಡನೆಯ ಸಲ ಕಿರುಚಲಿಲ್ಲ. ಎಡಗೈಯಿಂದ ಸಕ್ಕರೆ ಡಬ್ಬಿಗೆ ಬೆರಳು ಹಾಕಿ, ಉಳಿದ ಹಾಲಿನಲ್ಲಿ ಅದ್ದಿ, ಹಂಪಮ್ಮನ ಒಸಡಿಗೆ ತಿಕ್ಕಿದಳು. ಮತ್ತೆ ಅದ್ದಿ ಮತ್ತೆ ತಿಕ್ಕಿದಳು. ಸುಟ್ಟ ಕೈ ಚರ್ಮ ಬೊಬ್ಬೆಯೆದ್ದು ಪಕ್ಕದಲ್ಲಿ ಜೋತುಬಿದ್ದಿತ್ತು. ಹಂಪಮ್ಮ ಕಣ್ಣು ತೆರೆದಾಗ ಮೊದಲು ಕಂಡದ್ದು ಆ ಕೈ. ಆಮೇಲೆ ಕಂಡದ್ದು ಒಬ್ಬರ ಮೇಲೊಬ್ಬರು ಬಿದ್ದು ರಕ್ತ ಕಾರುತ್ತಿದ್ದ ತನ್ನ ಮಕ್ಕಳು. ಆಕೆಗೆ ಬದುಕಿದ್ದಕ್ಕೆ ನಾಚಿಕೆಯಾಯಿತು.

ಎರಡು ವಾರ ಬಂಡಿ ನಿಂತಿತು. ಶಿವರಾಜ ಔಷಧಿಗೆಂದು ದುಡ್ಡು ಕಳಿಸಿದ, ಮುನವ್ವರ್ ಬೀ ಮುಟ್ಟಲಿಲ್ಲ. ಹಂಪಮ್ಮ ದಿನಾ ಬೆಳಿಗ್ಗೆ ಕೆರೆಯ ಬದಲು ಆಕೆಯ ಮನೆಗೆ ನಡೆದಳು. ಬ್ಯಾಂಡೇಜಿನ ಕೈ ತೊಡೆಯ ಮೇಲಿಟ್ಟುಕೊಂಡು ಮುನವ್ವರ್ ಬೀ ಒಂದು ದಿನ ಕೇಳಿಯೇ ಕೇಳಿದಳು.

"ನಮ್ಮ ರೋಜಾ ಉಪಾಸದಾಗ ಸೈತ ಬ್ಯಾನಿ ಬಂದವ್ರಿಗೆ ಮಾಫ್ ಅದ, ಬುವಾ. ನಿನ್ನ ದೇವ್ರು ಸಾಯಿ ಅಂತಾನೇನು?"

"ದೇವ್ರು ಏನೂ ಅಂದಿಲ್ಲ," ಎಂದಳು ಹಂಪಮ್ಮ. "ನಾನೇ ಅಂದ್ಕೊಂಡಿದ್ದೆ."

"ಮತ್ತ ಮಕ್ಕಳು?"

ಹಂಪಮ್ಮ ಆ ಬ್ಯಾಂಡೇಜಿನ ಸಡಿಲಾದ ತುದಿಯನ್ನು ಒಳಗೆ ಸಿಕ್ಕಿಸಿದಳು. "ಅವರದು ನನ್ನ ತಪ್ಪು. ಅವರಪ್ಪ ಹೊಡೀವಾಗ ನಾ ಒಲಿ ಮುಂದ ಸುಮ್ನ ಕುಂತಿದ್ದೆ. ಹೊಡೀಬ್ಯಾಡ ಅಂತ ಒಂದ ದಿನ ಅಂದಿಲ್ಲ." ಇಷ್ಟು ಹೇಳಿ ಎದ್ದಳು. "ಕಲೀಮುಲ್ಲಾನ ಅಂಗಡಿ ತೆರೆದಿರ್ತದೇನು? ನಡಿ, ನೀನೂ ಬಾ."

ಹಂಪಮ್ಮನಿಗೆ ಓದು ಬರಹ ಬಾರದು. ಆಕೆ ಹೇಳಿದಳು, ಕಲೀಮುಲ್ಲಾ ಟೈಪ್ ಮಾಡಿದ. ಮೊದಲು ನಕ್ಕ, ಅರ್ಧಕ್ಕೆ ಬಂದಾಗ ನಗುವುದನ್ನು ನಿಲ್ಲಿಸಿದ. ಪುಸ್ತಕದ ಭಾಷೆಗೆ ತಿರುಗಿಸಲೇ ಎಂದು ಕೇಳಿದ. ಬೇಡ, ನಾ ಹೇಳಿದ ಹಾಗೇ ಇರಲಿ ಎಂದಳು. ದುಡ್ಡು ತೆಗೆದುಕೊಳ್ಳಲಿಲ್ಲ ಅವನು. ಮೂರನೆಯ ಕಾರ್ಡು ಸಂಚಿ ಸೇರಿತು. ಮೌನೇಶನ ಕಾರ್ಡನ್ನು ಆಕೆ ಅಲ್ಲಿಯೇ ಕಸದ ಬುಟ್ಟಿಗೆ ಹಾಕಿ ಬಂದಳು.

ಮುಂದಿನ ಅಮಾವಾಸ್ಯೆ ಹತ್ತಿರವಾದಂತೆ ಮನೆಯ ಗಾಳಿ ಕೆಟ್ಟಿತು. ಯವ್ವ ಇನ್ನು ಮಾನ್ವಿಗೆ ಹೋಗುವುದಿಲ್ಲ, ರಸ್ತೆಯಲ್ಲಿ ಕೈ ಎತ್ತಿದವನ ಮನೆಗೆ ಕಳಿಸುವುದಿಲ್ಲ ಎಂದು ಶಿವರಾಜ ಊರೆಲ್ಲ ಹೇಳಿದ. ಮೊದಲು ಕೈ ಎತ್ತಿದ್ದು ಯಾರೆಂದು ಊರಿಗೆ ಗೊತ್ತಿತ್ತು. ಅತ್ತ ಮೌನೇಶ, ಅಮಾವಾಸ್ಯೆಯ ದಿನ ಬರ್ತೀನಿ, ಕೊಕ್ಕೆ ತಗೊಂಡೇ ಬರ್ತೀನಿ ಎಂದು ಹೇಳಿ ಕಳಿಸಿದ. ಶಿವರಾಜ ಗೇಟಿಗೆ ಹೊಸ ಬೀಗ ಹಾಕಿದ. ವಾಕಿಂಗ್ ಬಂದ್. ನಡೆಯಬೇಕಿದ್ದರೆ ಅಂಗಳದಲ್ಲಿ ನಡೆ ಎಂದು ತಾಯಿಗೆ ಹೇಳಿದ. ಹಂಪಮ್ಮ ಮೂರು ದಿನ ತುಳಸಿಕಟ್ಟೆಯ ಸುತ್ತ ಗಾಣದ ಎತ್ತಿನ ಹಾಗೆ ತಿರುಗಿದಳು.

ಅಮಾವಾಸ್ಯೆಯ ಬೆಳಿಗ್ಗೆ ಗಂಡ ಗಿರಣಿಗೆ ಹೋದ ಕೂಡಲೇ ಸ್ವಪ್ನಾ ಬೀಗದ ಇನ್ನೊಂದು ಕೈ ತಂದು ಗೇಟು ತೆರೆದಳು. ಅವನ ಅಂಗಿಯ ಜೇಬಿನಿಂದ ಆಕೆ ಅದನ್ನು ಹೇಗೆ ತೆಗೆದಳೋ, ತೆಗೆದಿದ್ದಳು.

"ಅತ್ತಿ, ಹೋಗಿ ಬರ್ರಿ. ಸಂಚಿ ಅದನೋ ಇಲ್ಲೋ?"

"ಅದ."

"ಅವ್ರು ಬಂದು ಕೇಳಿದ್ರ ನಾನೇ ತೆಗದೀನಿ ಅಂತೀನಿ. ಇನ್ನೊಂದು ಸಲ ತುಟಿ ಒಡದ್ರ ಒಡೀಲಿ, ಈ ಸಲ ದೇವದುರ್ಗಕ್ಕ ಹೋಗಂಗಿಲ್ಲ, ಪೊಲೀಸ್ ಠಾಣೆಗೆ ಹೋಗ್ತೀನಿ."

ಹಂಪಮ್ಮ ಸೊಸೆಯ ತಲೆ ಮುಟ್ಟಿ ಹೊರಟಳು. ಮೂರು ದಿನದ ಸಿಟ್ಟಿಗೋ ಏನೋ ಬೇಗ ಬೇಗ ನಡೆದಳು. ಕೆರೆಯ ರಸ್ತೆಯ ತಿರುವಿನಲ್ಲಿ ಕಣ್ಣಿಗೆ ಕತ್ತಲೆ ಬಂದು, ಅಂಚು ಬಿಟ್ಟು ನಡುರಸ್ತೆಗೆ ತೂರಾಡಿದಳು. ಹಾಲಿನ ಕ್ಯಾನು ಕಟ್ಟಿದ ಬೈಕೊಂದು ಆಕೆಯ ತೊಡೆಗೆ ಬಡಿಯಿತು. ಮೂಳೆ ಮುರಿದ ಸದ್ದು ಹಿಂದೆ ಬರುತ್ತಿದ್ದ ಡ್ರೈವರ್ ಬುರ್ಹಾನುದ್ದೀನನಿಗೆ ತನ್ನ ಆಟೋದೊಳಗೆ ಕೇಳಿತಂತೆ. ಅವನು ಇಳಿದು ಓಡಿದ. ಬೈಕಿನವನು ಎದ್ದು ಪರಾರಿಯಾದ. ಹಾಲು, ರಕ್ತ ಎರಡೂ ರಸ್ತೆಯ ಮೇಲೆ ಹರಿಯುತ್ತಿದ್ದವು. ಬುರ್ಹಾನುದ್ದೀನ್ ಸಂಚಿ ಬಿಚ್ಚಿ ಕಾರ್ಡು ಓದಿದ, ಕಲ್ಲುಸಕ್ಕರೆ ತೆಗೆದ. ಹಂಪಮ್ಮ ಏನೂ ಹೇಳದೆ ತಾನೇ ಬಾಯಿ ತೆರೆದಳು. ಐವತ್ತೊಂಬತ್ತು ವರ್ಷದಲ್ಲಿ ಪೂಜೆಗೆ ಮೊದಲು ಆಕೆ ತಿನ್ನಲು ತಾನಾಗಿ ಬಾಯಿ ತೆರೆದದ್ದು ಅದೇ ಮೊದಲು.

ದವಾಖಾನೆಯ ದಾರಿಯಲ್ಲೇ ಬುರ್ಹಾನುದ್ದೀನ್ ಕಾರ್ಡಿನಲ್ಲಿದ್ದ ನಂಬರುಗಳಿಗೆ ಫೋನು ಮಾಡಿದ. ಸ್ವಪ್ನಾ ಬರಿಗಾಲಲ್ಲಿ ಓಡಿಬಂದಳು. ಉಮಾಶ್ರೀ ಆ ಹೊತ್ತಿಗೆ ಗಂಡನ ಕಾರಿನಲ್ಲಿ ಮಾನ್ವಿಯಿಂದ ಅರ್ಧ ದಾರಿ ಬಂದಿದ್ದಳು. ಗಂಡ ಅಣ್ಣನ ಮನೆಗೆ ಕೊಕ್ಕೆ ತೆಗೆದುಕೊಂಡು ಹೋಗುವಾಗ ಬಿಟ್ಟರೆ ಕೊಲೆಯಾದೀತು ಎಂದು ಹಟಹಿಡಿದು ಹತ್ತಿಕೊಂಡಿದ್ದಳು. ಕಾರು ನೇರ ದವಾಖಾನೆಗೆ ತಿರುಗಿತು. ಗಿರಣಿಯಲ್ಲಿ ಯಾರೋ ಹೇಳಿ ಶಿವರಾಜನೂ ಬಂದ.

ಹೆಂಗಸರ ವಾರ್ಡಿನ ಬಾಗಿಲಲ್ಲಿ ಅಣ್ಣ ತಮ್ಮ ಎದುರಾದರು. ಒಳಗೆ ತಾಯಿಯ ಕಾಲಿಗೆ ಕಟ್ಟು ಹಾಕುತ್ತಿದ್ದರು, ಆಕೆ ನರಳುವುದು ಹೊರಗೆ ಕೇಳುತ್ತಿತ್ತು. ಅದು ಕೇಳಿಯೂ ಇವರು ಶುರುಮಾಡಿದರು.

"ನಿನ್ನ ಮನ್ಯಾಗಿದ್ದಾಗ ಮುರೀತು," ಎಂದ ಮೌನೇಶ. "ಕೊಲ್ಲಾಕ ಇಟ್ಕೊಂಡಿದ್ದೇನು ನಮ್ಮವ್ವನ್ನ?"

"ನಿಮ್ಮವ್ವ ಅಲ್ಲ. ನಮ್ಮವ್ವ."

ಮಾತು ಅಲ್ಲಿಗೆ ಮುಗಿಯಿತು. ಕೊಕ್ಕೆಯನ್ನು ಉಮಾಶ್ರೀ ಕಾರಿನಲ್ಲೇ ಸೀಟಿನ ಕೆಳಗೆ ಒದ್ದಿದ್ದಳು, ಇಲ್ಲದಿದ್ದರೆ ಆ ದಿನ ಹೆಣ ಬೀಳುತ್ತಿತ್ತು. ಮೌನೇಶ ಬರಿಗೈಯಿಂದಲೇ ಅಣ್ಣನ ಮೂಗು ಜಜ್ಜಿದ. ಶಿವರಾಜ ಗೋಡೆಗಾನಿಸಿದ್ದ ಸಲೈನ್ ಸ್ಟ್ಯಾಂಡ್ ಎತ್ತಿ ತಮ್ಮನ ಹಣೆಗೆ ಇಳಿಸಿದ. ಮೌನೇಶ ಮಂಡಿಯೂರಿದ, ಹಾಗೇ ಅಣ್ಣನ ಕಾಲು ಹಿಡಿದು ಎಳೆದು ಕೆಡವಿದ. ಬಿಡಿಸಲು ಬಂದ ಆಯಾಗೂ ಒಂದು ಬಿತ್ತು. ಬಿಳಿ ಟೈಲ್ಸಿನ ಮೇಲೆ ಇಬ್ಬರ ರಕ್ತವೂ ಕೂಡಿ ಹರಿಯಿತು, ಅದಕ್ಕೆ ಪಾಲು ಮಾಡಲು ಯಾರಿಗೂ ಆಗುತ್ತಿರಲಿಲ್ಲ.

ಹಿರಿಯ ನರ್ಸ್ ಶಿವಬಸಮ್ಮ ಹೊರಬಂದಳು. ಕಾವಲುಗಾರ ಅಂಬರೇಶ ಲಾಠಿ ಹಿಡಿದು ಇಬ್ಬರನ್ನೂ ಬೇರೆ ಮಾಡಿ ನಿಲ್ಲಿಸಿದ.

"ಯಾರ ಪೈಕಿ ನೀವು?" ಎಂದು ನರ್ಸ್ ಕೇಳಿದಳು.

"ಮಗ," ಎಂದರು ಇಬ್ಬರೂ.

ಶಿವಬಸಮ್ಮ ಕೈಯಲ್ಲಿದ್ದ ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದು, ಕಾರಿಡಾರಿನಲ್ಲಿ ಸೇರಿದ್ದ ಜನಕ್ಕೆಲ್ಲ ಕೇಳುವಂತೆ ಓದಿದಳು. "ನಾ ಹಂಪಮ್ಮ. ಸಕ್ಕರಿ ಬ್ಯಾನಿ ಅದ. ಬಿದ್ದಿದ್ರ ಸಂಚ್ಯಾಗಿನ ಸಕ್ಕರಿ ಬಾಯಾಗ ಹಾಕ್ರಿ. ಪೂಜಿ ಆಗಿಲ್ಲ ಅಂದ್ರ ಕೇಳಬ್ಯಾಡ್ರಿ, ದೇವ್ರ ಕೂಡ ಆಮ್ಯಾಲ ನಾ ಮಾತಾಡ್ತೀನಿ. ಗಂಡುಮಕ್ಕಳು ಇಬ್ಬರು ಅದಾರ. ಅವರಿಗೆ ಫೋನ್ ಮಾಡಬ್ಯಾಡ್ರಿ. ಬಂದ್ರ ಹೊಡೆದಾಡ್ತಾರ, ಅಷ್ಟ್ರಾಗ ನಾ ಸಾಯ್ತೀನಿ. ಸೊಸಿಯರಿಗೆ ಮಾಡ್ರಿ."

ಕೆಳಗೆ ಎರಡು ನಂಬರು. ಸ್ವಪ್ನಾ, ಉಮಾಶ್ರೀ.

ಸೊಸೆಯರಿಬ್ಬರೂ ಗಂಡಂದಿರ ಮುಖ ನೋಡದೆ ಬಾಗಿಲು ದಾಟಿ ಒಳಗೆ ಹೋದರು. ಹಿಂದೆಯೇ ಹೆಜ್ಜೆ ಇಟ್ಟ ಶಿವರಾಜನಿಗೆ ಅಂಬರೇಶ ಲಾಠಿ ಅಡ್ಡ ಹಿಡಿದ. ಕಾರ್ಡಿನಲ್ಲಿ ಹೆಸರಿದ್ದವರಿಗೆ ಮಾತ್ರ ಒಳಗೆ ಎಂದು ನರ್ಸ್ ಬಾಯಿ ಹೇಳಿದ್ದಾರೆ ಎಂದ.

"ನಾ ಆಕಿ ಹಿರೇಮಗ ಅದೀನಿ."

"ಗುರುತಿನ ಚೀಟಿ ಏನರ ಅದ ಏನ್ರೀ?"

ಶಿವರಾಜ ಪಾಕೀಟಿನಿಂದ ಆಧಾರ್ ತೆಗೆದ. ಸುಮ್ಮನಿರಲಾರದೆ ಮೌನೇಶನೂ ತೆಗೆದ. ಅಂಬರೇಶ ಎರಡನ್ನೂ ಹಿಂದೆ ಮುಂದೆ ತಿರುವಿ ನೋಡಿದ. ಅವನು ಅಣಕಿಸುತ್ತಿರಲಿಲ್ಲ, ನಿಜವಾಗಿಯೂ ಹುಡುಕುತ್ತಿದ್ದ.

"ಇದ್ರಾಗ ಅಪ್ಪನ ಹೆಸರು ದೊಡ್ಡಪ್ಪ ಅಂತ ಅದ. ಹಂಪಮ್ಮ ಅಂತ ಎಲ್ಲೂ ಇಲ್ಲಲ್ರಿ."

ರಕ್ತದ ಬೆರಳಚ್ಚು ಬಿದ್ದ ಎರಡು ಕಾರ್ಡುಗಳನ್ನು ಅವನು ವಾಪಸು ಕೊಟ್ಟ. ಅವು ಹೇಳುತ್ತಿದ್ದುದು ಸುಳ್ಳಲ್ಲ. ಇಬ್ಬರೂ ಅಡಿಯಿಂದ ಮುಡಿಯ ತನಕ ಅಪ್ಪನ ಮಕ್ಕಳೇ ಆಗಿದ್ದರು. ಕಾರಿಡಾರಿನ ಬೆಂಚು ಒಂದೇ ಇತ್ತು, ಅದರ ಆ ತುದಿಗೊಬ್ಬ ಈ ತುದಿಗೊಬ್ಬ ಕೂತರು.

ಒಳಗೆ ಹಂಪಮ್ಮನಿಗೆ ಎಚ್ಚರವಿತ್ತು. ಹೊರಗೆ ಏನಾಯಿತು ಎಂದು ಆಕೆ ಕೇಳಲಿಲ್ಲ, ಎಲ್ಲ ಕೇಳಿಸಿತ್ತು. ಉಮಾಶ್ರೀ ಒದ್ದೆ ಬಟ್ಟೆಯಿಂದ ಮೈ ಒರೆಸಿದಳು, ಸ್ವಪ್ನಾ ಕರಡಿಗೆ ಬಿಚ್ಚಿ ಲಿಂಗವನ್ನು ಹೊಲಿಗೆಯ ಗಾಯವಿದ್ದ ಅಂಗೈಗೆ ಇಟ್ಟಳು. ಹಂಪಮ್ಮ ಮಲಗಿದಲ್ಲೇ ಕಣ್ಣು ಮುಚ್ಚಿ ಪೂಜೆ ಮುಗಿಸಿದಳು. ಶಿವಬಸಮ್ಮ ಸೂಜಿ ಹಿಡಿದು ಬಂದವಳು ಮೆಲ್ಲಗೆ ಕೇಳಿದಳು.

"ಅಮ್ಮಾ, ಅವರಿಬ್ಬರೂ ಮಕ್ಕಳಂತ. ಒಂದು ತಾಸಿಂದ ಕುಂತಾರ. ಬಿಡ್ಲೋ ಬ್ಯಾಡೋ?"

ಹಂಪಮ್ಮ ಲಿಂಗವನ್ನು ಕರಡಿಗೆಗೆ ಹಾಕಿ ಮುಚ್ಚಿದಳು. ಕಣ್ಣಿನ ನೀರು ಕಿವಿಗೆ ಇಳಿಯಿತು.

"ಕೈ ತೊಳಕೊಂಡು ಬರಾಕ ಹೇಳು. ಇಬ್ಬರೂ ಕೂಡಿ ಬರಬೇಕು. ಒಬ್ಬ ಬಂದ್ರ ಬಿಡಬ್ಯಾಡ."

ಶಿವಬಸಮ್ಮ ಹೊರಗೆ ಹೋಗಿ ಹೇಳಿದಳು. ಬೆಂಚಿನ ಎರಡೂ ತುದಿಯಿಂದ ಅವರು ಎದ್ದು ನಿಂತರು, ಕೈ ನೋಡಿಕೊಂಡರು, ಆಮೇಲೆ ಅಂಗಳದ ಕಡೆ ನೋಡಿದರು. ಅಂಗಳದಲ್ಲಿ ನಳ ಒಂದೇ ಇತ್ತು.